ಎಳ್ಳು ಜೇನಿನ ಬಿಲ್ಲೆ: ಲೆಬನಾನಿನವರ ಸಿಮ್ಸಿಮಿಯ್ಯೆ

ಪೂರ್ವ ಮುಂಗಾರಿನ ಎಳ್ಳು ಕೊಯ್ಲಿಗೆ ಬಂದಿದೆ, ಎಲ್ರೂ ಸಿವುಡು ಕಟ್ಟೋ ಗಡಿಬಿಡೀಲಿ ಇದ್ದೀರಿ. ಇವತ್ತು ಗೊಬ್ಬರ, ರೋಗದ ವಿಚಾರ ಬಿಟ್ಟು ಈ ಎಳ್ಳು ಎಲ್ಲಿವರೆಗೂ ಹೋಗಿದೆ ಅನ್ನೋದನ್ನ ಬರೀತೀನಿ.

ಲೆಬನಾನ್ ಅಂದ್ರೆ ಮೆಡಿಟರೇನಿಯನ್ ಸಮುದ್ರದ ಪೂರ್ವ ದಡದ ಪುಟ್ಟ ದೇಶ. 10,452 ಚದರ ಕಿ.ಮೀ., ಹೆಚ್ಚುಕಮ್ಮಿ ನಮ್ಮ ತುಮಕೂರು ಜಿಲ್ಲೆಯಷ್ಟೇ. ಅಲ್ಲಿ ಮನೇಲಿ ಮಾಡೋ ಒಂದು ಸಿಹಿ ಸಿಮ್ಸಿಮಿಯ್ಯೆ. ಹುರಿದ ಎಳ್ಳು, ಜೇನು, ಸಕ್ಕರೆ ಪಾಕ. ನೋಡೋಕೆ ನಮ್ಮ ಎಳ್ಳು ಚಿಕ್ಕಿನೇ. ಅರಬ್ಬಿಯಲ್ಲಿ ಸಿಮ್ಸಿಮ್ ಅಂದ್ರೆ ಎಳ್ಳು. ಅಲಿಬಾಬಾ ಕಥೆಯ 'ಖುಲ್ ಜಾ ಸಿಮ್ ಸಿಮ್' ಕೂಡ ಇದೇ ಎಳ್ಳು. ಒಣಗಿದ ಕಾಯಿ ತಾನಾಗೇ ಬಾಯಿ ಬಿಡುತ್ತಲ್ಲ, ಅದಕ್ಕೇ ಆ ಮಾತು ಬಂತು ಅಂತ ಕೆಲವರು ಹೇಳ್ತಾರೆ. ನಾವಂತೂ ಹೊಲದಲ್ಲಿ ನಿಂತು ಬಾಯಿ ಬಿಡಬೇಡಪ್ಪಾ ಅಂತ ಬೇಡ್ಕೋತೀವಿ!

ಎಳ್ಳನ್ನ ಮೊದಲು ಬೇಸಾಯಕ್ಕೆ ತಂದೋರು ನಮ್ಮ ಭಾರತ ಉಪಖಂಡದವರೇ. ಹರಪ್ಪದಲ್ಲಿ ಸುಟ್ಟು ಕರಕಲಾದ ಎಳ್ಳು ಸಿಕ್ಕಿದೆ, ಅದು 4,000 ವರ್ಷಕ್ಕಿಂತ ಹಳೇದು. ಇಲ್ಲಿಂದ ಈಗಿನ ಇರಾಕ್ ಕಡೆಗೆ ಹೋಯ್ತು. ಅಲ್ಲಿನ ಹಳೇ ಅಕ್ಕಾಡಿಯನ್ ಭಾಷೆಯಲ್ಲಿ ಒಳ್ಳೇ ಎಣ್ಣೆಗೆ 'ಎಲ್ಲು' ಅಂತಿದ್ರು. ಅದು ನಮ್ಮ ದ್ರಾವಿಡ 'ಎಳ್ಳು' ಪದವೇ ಅಂತ ಕೆಲವು ವಿದ್ವಾಂಸರ ವಾದ. ಅಲ್ಲ, ಆ ಪದಕ್ಕೆ 'ಶುದ್ಧ' ಅನ್ನೋ ಅರ್ಥ ಇತ್ತು ಅಷ್ಟೇ ಅಂತ ಇನ್ನು ಕೆಲವರದು. ಬ್ಯಾಬಿಲೋನಿನ ಜನ ಎಳ್ಳೆಣ್ಣೆ ಬಿಟ್ಟು ಬೇರೆ ಎಣ್ಣೆ ಬಳಸಲ್ಲ ಅಂತ ಗ್ರೀಕರ ಹೆರೊಡೋಟಸ್ ಬರೆದಿದ್ದಾನೆ.

ಜೇನು ಮಾತ್ರ ಆ ಕಡೆಯದೇ. ಲೆಬನಾನಿನ ದಕ್ಷಿಣಕ್ಕೆ, ಜೋರ್ಡನ್ ಕಣಿವೆಯ ತೆಲ್ ರೆಹೋವ್‌ನಲ್ಲಿ ಸುಮಾರು 3,000 ವರ್ಷ ಹಿಂದಿನ ಜೇನುಗೂಡುಗಳು ಸಾಲಾಗಿ ಸಿಕ್ಕಿವೆ. ಜೇಡಿಮಣ್ಣು, ಹುಲ್ಲು ಕಲಸಿ ಮಾಡಿದ ಉದ್ದ ಕೊಳವೆ, ಒಂದು ಕಡೆ ನೊಣಕ್ಕೆ ತೂತು, ಇನ್ನೊಂದು ಕಡೆ ಮುಚ್ಚಳ. ಬಡವರಿಗೆ ಸಿಹಿ ಅಂದ್ರೆ ದ್ರಾಕ್ಷಿ ರಸ ಕುದಿಸಿದ ಕಾಕಂಬಿ, ಇಲ್ಲಾ ಕ್ಯಾರಬ್ ಅನ್ನೋ ಮರದ ಕಾಯಿಯ ಕಾಕಂಬಿ. ಅದಕ್ಕೆ ಅರೆದ ಎಳ್ಳು ಬೆರೆಸಿ ರೊಟ್ಟಿ ಅದ್ದಿ ಈಗಲೂ ತಿಂತಾರೆ. ಸಕ್ಕರೆ ಆಮೇಲೆ ಬಂತು, ಅದೂ ನಮ್ಮ ಕಡೆಯಿಂದಲೇ: ಶರ್ಕರ ಹೋಗಿ ಅಲ್ಲಿ ಸುಕ್ಕರ್ ಆಯ್ತು. 1099ರಲ್ಲಿ ಯುರೋಪಿನಿಂದ ಯುದ್ಧಕ್ಕೆ ಬಂದ ಸೈನಿಕರು ಟ್ರಿಪೋಲಿ ಹತ್ರದ ಹೊಲಗಳಲ್ಲಿ ಹಸಿವಿಗೆ ಕಬ್ಬು ಜಗಿದ್ರಂತೆ. ಟ್ರಿಪೋಲಿ ಇವತ್ತಿಗೂ ಸಿಹಿತಿಂಡಿಗೆ ಹೆಸರಾದ ಊರು.

ಈಗ ಬೇಜಾರಿನ ಭಾಗ. 19ನೇ ಶತಮಾನದಲ್ಲಿ ಲೆಬನಾನ್ ಬೆಟ್ಟದ ರೈತರು ರೇಷ್ಮೆಗೆ ಒಳ್ಳೇ ರೇಟು ಅಂತ ಎಲ್ಲಿ ನೋಡಿದ್ರೂ ಹಿಪ್ಪುನೇರಳೆ ಹಾಕಿದ್ರು. ನೂಲು ಫ್ರಾನ್ಸಿನ ಲಿಯಾನ್‌ಗೆ ಹೋಗ್ತಿತ್ತು, ಊಟದ ಗೋಧಿ ಹೊರಗಿನಿಂದ ಬರ್ತಿತ್ತು. 1915ರಲ್ಲಿ ಮಿಡತೆ ದಂಡು ಬಂತು. ಮೊದಲ ಮಹಾಯುದ್ಧ ಬೇರೆ. ಸಮುದ್ರದ ದಾರಿಯನ್ನ ಬ್ರಿಟಿಷರು, ಫ್ರೆಂಚರು ಮುಚ್ಚಿದ್ರು, ಇದ್ದ ದವಸನ ತುರ್ಕಿ ಸೈನ್ಯ ಎತ್ಕೊಂಡು ಹೋಯ್ತು, ಉಳಿದದ್ದನ್ನ ವ್ಯಾಪಾರಿಗಳು ಬಚ್ಚಿಟ್ರು. 1918ರ ಹೊತ್ತಿಗೆ ಸತ್ತವರು ಸುಮಾರು 2 ಲಕ್ಷ ಅಂತ ಅಂದಾಜು. ಬೆಟ್ಟದ ಮೂವರಲ್ಲಿ ಒಬ್ಬರಾದ್ರೂ ಹೋದ್ರು. ರೇಷ್ಮೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಆದ್ರೆ ನಮ್ಮಲ್ಲೂ ಎಳ್ಳು, ರಾಗಿ ಎಲ್ಲಾ ಬಿಟ್ಟು ಇದ್ದಬದ್ದ ಹೊಲಕ್ಕೆಲ್ಲಾ ಶುಂಠಿ ಹಾಕೋದು ನೋಡಿದ್ರೆ ನನಗೆ ಆ ಬೆಟ್ಟ ನೆನಪಾಗುತ್ತೆ. ಮನೆಗೆ ಬೇಕಾದಷ್ಟಾದ್ರೂ ಒಂದೆರಡು ಸಾಲು ಇರಲಿ. ರೇಷ್ಮೆ ಬಿದ್ದ ಮೇಲೆ, ಅದಕ್ಕೂ ಮುಂಚೆನೂ, ಅಲ್ಲಿಂದ ಬ್ರೆಜಿಲ್, ಅಮೆರಿಕ, ಪಶ್ಚಿಮ ಆಫ್ರಿಕಾಕ್ಕೆ ಗುಳೆ ಹೋದೋರು ತುಂಬಾ ಜನ. ಅವರ ಅಡುಗೆನೂ ಅವರ ಜೊತೆ ಹೋಯ್ತು.

ಇನ್ನು ಮಾಡೋದು ಹೇಗೆ ಅಂತ ಹೆಂಗಸರು ಕೇಳ್ತೀರಿ, ಗಂಡಸರೂ ಮಾಡಬಹುದು. ಎರಡು ಲೋಟ ಬಿಳಿ ಎಳ್ಳನ್ನ ಸಣ್ಣ ಉರೀಲಿ ಹೊಂಬಣ್ಣ ಬಂದು ಚಟಪಟ ಅನ್ನೋವರೆಗೂ ಹುರೀರಿ. ಒಂದು ಲೋಟ ಸಕ್ಕರೆ, ಅರ್ಧ ಲೋಟ ಜೇನು, ಒಂದು ಚಮಚ ನಿಂಬೆರಸ ಒಲೆಗಿಡಿ. ನಿಂಬೆ ಯಾಕೆ ಅಂದ್ರೆ ಪಾಕ ಮತ್ತೆ ಸಕ್ಕರೆ ಹರಳಾಗೋದನ್ನ ತಡೆಯುತ್ತೆ. ಜೇನೂ ಅದೇ ಕೆಲಸ ಮಾಡುತ್ತೆ. ತಣ್ಣೀರಿಗೆ ಒಂದು ತೊಟ್ಟು ಬಿಟ್ರೆ ಗಟ್ಟಿಯಾಗಿ ಟಕ್ ಅಂತ ಮುರೀಬೇಕು. ಆಗ ಎಳ್ಳು ಸುರಿದು ಕಲಸಿ. ಅವರು ಕಿತ್ತಳೆ ಹೂವಿನ ನೀರು ಸ್ವಲ್ಪ ಹಾಕ್ತಾರೆ. ಸೈದಾ ಹತ್ರದ ಮಗ್ದೂಶೆ ಅನ್ನೋ ಊರು ಆ ನೀರು ಭಟ್ಟಿ ಇಳಿಸೋಕೆ ಪ್ರಸಿದ್ಧಿ. ನಮಗೆ ಏಲಕ್ಕಿ ಸಾಕು. ಎಣ್ಣೆ ಸವರಿದ ಕಲ್ಲಿನ ಮೇಲೆ ಸುರಿದು ಲಟ್ಟಣಿಗೇಲಿ ತೆಳ್ಳಗೆ ಒತ್ತಿ, ಬಿಸಿ ಇರೋವಾಗ್ಲೇ ಕತ್ತರಿಸಿ. ಆರಿದ್ರೆ ಚಾಕು ಇಳಿಯಲ್ಲ, ಚೂರುಚೂರಾಗುತ್ತೆ. ಜೇನು ಗಾಳಿಯ ತೇವ ಎಳೆಯುತ್ತೆ, ಈ ಮಳೇಲಿ ಹೊರಗಿಟ್ರೆ ಸಂಜೆಗೇ ಅಂಟು ಬರುತ್ತೆ. ಬಿಗಿ ಮುಚ್ಚಳದ ಡಬ್ಬೀಲಿ ಹಾಕಿಡಿ.