ಅರ್ಬುದದ ಕಾರಣವನ್ನು ಅರಸಿದ ಪೇಟನ್ ರೌಸ್

ಕಾರ್ಯವನ್ನು ಕಣ್ಣಾರೆ ಕಾಣುವುದು ಸುಲಭ. ಅದರ ಕಾರಣವನ್ನು ನಿಶ್ಚಯಿಸುವುದು ಕಷ್ಟ. ಯಾವುದಿದ್ದರೆ ಕಾರ್ಯವುಂಟೋ, ಯಾವುದಿಲ್ಲದಿದ್ದರೆ ಕಾರ್ಯವಿಲ್ಲವೋ ಅದೇ ಕಾರಣವೆಂದು ಭಾರತೀಯ ತಾರ್ಕಿಕರು ಅನ್ವಯವ್ಯತಿರೇಕಗಳ ನಿಯಮವನ್ನು ಹೇಳಿದ್ದಾರೆ. ಈ ಬಗೆಯ ಪರೀಕ್ಷೆಯನ್ನೇ ಪ್ರಯೋಗಶಾಲೆಯಲ್ಲಿ ನಡೆಯಿಸಿ, ಕ್ಯಾನ್ಸರ್ ಎಂಬ ಅರ್ಬುದರೋಗದ ಕಾರಣಗಳಲ್ಲೊಂದನ್ನು ಕಂಡು, ಲೋಕವು ಅದನ್ನು ಮನ್ನಿಸುವುದಕ್ಕಾಗಿ ಅರ್ಧಶತಮಾನಕ್ಕೂ ಮೀರಿ ಕಾದವನು ಅಮೆರಿಕೆಯ ಪೇಟನ್ ರೌಸ್.

ರೌಸನು 1879ನೆಯ ಇಸವಿ ಅಕ್ಟೋಬರ್ 5ರಂದು ಬಾಲ್ಟಿಮೋರ್ ನಗರದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ಪಿತೃವಿಯೋಗವಾಗಲು, ತಾಯಿಯೇ ಮೂವರು ಮಕ್ಕಳನ್ನು ಸಾಕಿ ಓದಿಸಿದಳು. ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸುತ್ತಿದ್ದಾಗ, ಶವಪರೀಕ್ಷೆಯಲ್ಲಿ ಕ್ಷಯದ ಎಲುಬು ತಗುಲಿ ಬೆರಳು ಗಾಯವಾಗಿ ಆ ರೋಗವು ಅವನಿಗೂ ಅಂಟಿತು. ಶಸ್ತ್ರಚಿಕಿತ್ಸೆಯ ಬಳಿಕ ಒಂದು ವರ್ಷ ಟೆಕ್ಸಾಸಿನ ಪಶುಪಾಲಕರ ನಡುವೆ ದುಡಿದು ಚೇತರಿಸಿಕೊಂಡನು. 1905ರಲ್ಲಿ ವೈದ್ಯಪದವಿಯನ್ನು ಪಡೆದು, 1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯನ್ನು ಸೇರಿದನು.

ಆ ವರ್ಷವೇ ಎದೆಯಲ್ಲಿ ಗೆಡ್ಡೆಯೆದ್ದಿದ್ದ ಹೇಂಟೆಯೊಂದು ಅವನ ಬಳಿಗೆ ಬಂದಿತು. ಗೆಡ್ಡೆಯ ತುಣುಕನ್ನು ಅದೇ ತಳಿಯ ಬೇರೆ ಕೋಳಿಗಳಲ್ಲಿ ನಾಟಿದಾಗ ಅವುಗಳಿಗೂ ಗೆಡ್ಡೆ ಬೆಳೆಯಿತು. ಇಷ್ಟರಿಂದ ಕಾರಣವು ನಿಶ್ಚಿತವಾಗದು. ನಾಟಿದ ಜೀವಕೋಶಗಳೇ ಬೆಳೆದಿರಬಹುದಷ್ಟೆ. ಆದುದರಿಂದ ರೌಸನು ಗೆಡ್ಡೆಯನ್ನು ಅರೆದು, ದ್ರವದಲ್ಲಿ ಕದಡಿ, ಸೂಕ್ಷ್ಮಕ್ರಿಮಿಗಳನ್ನೂ ತಡೆಯುವ ಶೋಧಕದಲ್ಲಿ ಸೋಸಿದನು. ಆ ತಿಳಿದ್ರವದಲ್ಲಿ ಒಂದು ಜೀವಕೋಶವೂ ಉಳಿದಿರಲಿಲ್ಲ. ಆದರೂ ಅದನ್ನು ಚುಚ್ಚಿದ ಕೋಳಿಗಳಿಗೆ ಅರ್ಬುದವು ಹುಟ್ಟಿತು. ಜೀವಕೋಶಕ್ಕಿಂತ ಸೂಕ್ಷ್ಮವಾದ ವಸ್ತುವೊಂದು ರೋಗವನ್ನು ಒಯ್ಯುವುದೆಂದು 1911ರಲ್ಲಿ ಅವನು ಪ್ರಕಟಿಸಿದನು. ಇಂದು ರೌಸ್ ಸಾರ್ಕೋಮಾ ವೈರಸ್ ಎಂದು ಕರೆಯುವುದು ಇದನ್ನೇ.

ವಿದ್ವಾಂಸರು ಒಪ್ಪಲಿಲ್ಲ. ಇದು ನಿಜವಾದ ಕ್ಯಾನ್ಸರ್ ಅಲ್ಲವೆಂದು ಕೆಲವರೂ, ಶೋಧಕದಲ್ಲಿ ಜೀವಕೋಶಗಳು ನುಸುಳಿರಬೇಕೆಂದು ಕೆಲವರೂ ಆಕ್ಷೇಪಿಸಿದರು. ಇಲಿಗಳ ಗೆಡ್ಡೆಗಳಲ್ಲಿ ಇಂಥ ವಸ್ತುವು ರೌಸನಿಗೂ ದೊರೆಯಲಿಲ್ಲ. ಅವನು ವಾದಕ್ಕೆ ನಿಲ್ಲದೆ ಬೇರೆ ಕಾರ್ಯಗಳಿಗೆ ತಿರುಗಿದನು. ಟರ್ನರ್ ಎಂಬ ಸಹೋದ್ಯೋಗಿಯೊಡನೆ, ಸಿಟ್ರೇಟ್ ಮತ್ತು ಸಕ್ಕರೆಯ ದ್ರಾವಣದಲ್ಲಿ ರಕ್ತವನ್ನು ಕೆಡದಂತಿರಿಸುವ ಕ್ರಮವನ್ನು 1916ರಲ್ಲಿ ಪ್ರಕಟಿಸಿದನು. ಮರುವರ್ಷ ರಾಬರ್ಟ್‌ಸನ್ ಎಂಬ ವೈದ್ಯನು ಅದನ್ನನುಸರಿಸಿ ಯುದ್ಧಭೂಮಿಯಲ್ಲಿ ಗಾಯಾಳುಗಳಿಗಾಗಿ ರಕ್ತವನ್ನು ಶೇಖರಿಸಿಟ್ಟನು. 1933ರಲ್ಲಿ ಶೋಪ್ ಎಂಬವನು ಕಾಡುಮೊಲಗಳ ನರೂಲಿಗೆ ವೈರಸ್ಸು ಕಾರಣವೆಂದು ತೋರಿಸಿದ ಮೇಲೆ, ರೌಸನು ಅರ್ಬುದದ ವಿಚಾರಕ್ಕೆ ಹಿಂದಿರುಗಿದನು.

ನೊಬೆಲ್ ಬಹುಮಾನಕ್ಕೆ ಅವನ ಹೆಸರು ಮೊದಲು ಸೂಚಿತವಾದುದು 1926ರಲ್ಲಿ. ಆ ಸಾಲಿನ ಬಹುಮಾನವಾದರೋ, ಇಲಿಗಳ ಕ್ಯಾನ್ಸರಿಗೆ ಒಂದು ಹುಳುವೇ ಕಾರಣವೆಂದ ಡೆನ್ಮಾರ್ಕಿನ ಫಿಬಿಗರನಿಗೆ ಸಂದಿತು. ಆ ಸಿದ್ಧಾಂತವು ಮುಂದೆ ನಿಲ್ಲಲಿಲ್ಲ. ರೌಸನಿಗೆ ಬಹುಮಾನವು 1966ರಲ್ಲಿ, 87ನೆಯ ವಯಸ್ಸಿನಲ್ಲಿ, ಚಾರ್ಲ್ಸ್ ಹಗ್ಗಿನ್ಸನೊಡನೆ ದೊರೆಯಿತು. ಅವನ ಅಳಿಯನಾದ ಆಲನ್ ಹಾಡ್ಜ್‌ಕಿನ್ ಮೂರು ವರ್ಷ ಮೊದಲೇ ಅದನ್ನು ಪಡೆದಿದ್ದನು!

ಜೀವಕೋಶದ ವಂಶವಾಹಕ ದ್ರವ್ಯವು ವಿಕಾರಹೊಂದುವುದರಿಂದ ಕ್ಯಾನ್ಸರ್ ಉಂಟಾಗುವುದೆಂಬ ಮತವನ್ನು ರೌಸನು ನೊಬೆಲ್ ಉಪನ್ಯಾಸದಲ್ಲಿಯೂ ಅಂಗೀಕರಿಸಲಿಲ್ಲ. ಅವನು 1970ರ ಫೆಬ್ರವರಿಯಲ್ಲಿ ಕಾಲವಶನಾದನು. ಅದೇ ಜೂನ್ ತಿಂಗಳಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಎಂಬ ವಿಜ್ಞಾನಿಗಳು, ಇಂಥ ವೈರಸ್ಸುಗಳು ತಮ್ಮ ಆರ್.ಎನ್.ಎ.ಯನ್ನು ಡಿ.ಎನ್.ಎ.ಯಾಗಿ ಪ್ರತಿಮಾಡಬಲ್ಲವೆಂದು ಬೇರೆ ಬೇರೆಯಾಗಿ ತೋರಿಸಿದರು. 1976ರಲ್ಲಿ ಬಿಷಪ್, ವಾರ್ಮಸ್ ಮತ್ತು ಅವರ ಸಹೋದ್ಯೋಗಿಗಳು ಇನ್ನೂ ಆಶ್ಚರ್ಯಕರವಾದುದನ್ನು ಕಂಡರು. ರೌಸನ ವೈರಸ್ಸಿನಲ್ಲಿ ಅರ್ಬುದವನ್ನುಂಟುಮಾಡುವ ಸಾರ್ಕ್ ಎಂಬ ಜೀನು ವೈರಸ್ಸಿನ ಸ್ವಂತ ಸೊತ್ತಲ್ಲ. ಆರೋಗ್ಯವುಳ್ಳ ಕೋಳಿಯ ಜೀವಕೋಶದಲ್ಲಿರುವ ಜೀನಿನಿಂದಲೇ ಬಂದುದು. ಬೆಳವಣಿಗೆಯನ್ನು ಮಿತದಲ್ಲಿ ನಡೆಯಿಸುವ ಇಂಥ ಜೀನುಗಳು ವಿಕಾರಗೊಂಡರೆ ಮಿತಿ ತಪ್ಪುವುದೆಂಬುದು ಮನುಷ್ಯರ ಕ್ಯಾನ್ಸರಿನಲ್ಲಿಯೂ ಸಿದ್ಧವಾಯಿತು. ಈ ಜ್ಞಾನದ ಫಲವಾಗಿ, ಸಾರ್ಕಿನ ಕಿಣ್ವದ ಜಾತಿಗೇ ಸೇರಿದ ಇನ್ನೊಂದು ಕಿಣ್ವವನ್ನು ತಡೆಯುವ ಇಮಾಟಿನಿಬ್ ಔಷಧವು 2001ರಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರಿನ ರೋಗಿಗಳಿಗೆ ಲಭಿಸಿತು.

ಹೀಗೆ ಲೋಕವು ನಿರಾಕರಿಸಿದ್ದ ಪ್ರಯೋಗವು ಉಳಿಯಿತು. ಪ್ರಯೋಗಿಸಿದವನು ನಿರಾಕರಿಸಿದ್ದ ಮತವೂ ಅದರಿಂದಲೇ ಬಲಗೊಂಡಿತು. ಪಂಡಿತರ ಸಮ್ಮತಿಯಾಗಲಿ, ಕಂಡವನ ಇಚ್ಛೆಯಾಗಲಿ ಪ್ರಮಾಣವಲ್ಲ. ಶುದ್ಧವಾಗಿ ಮಾಡಿದ ಪರೀಕ್ಷೆಯೊಂದೇ ಪ್ರಮಾಣ.