ಹೊರನಾಡಿನ ಯುದ್ಧಕ್ಕೆ ಶಾಸನಸಭೆಗಳ ನಿರಾಕರಣೆ: ಕೆಲವು ನಿದರ್ಶನಗಳು

ಯುದ್ಧವನ್ನು ನಿಶ್ಚಯಿಸುವವರು ಅರಸರು ಅಥವಾ ಮಂತ್ರಿಗಳು, ಶಾಸನಸಭೆಗಳ ಪಾಲಿಗೆ ಉಳಿಯುವುದು ಅದಕ್ಕೆ ಒಪ್ಪಿಗೆಯ ಮುದ್ರೆಯನ್ನೊತ್ತುವ ಕೆಲಸ ಮಾತ್ರ ಎಂಬ ಅಭಿಪ್ರಾಯ ಬಹುಕಾಲದಿಂದ ಪ್ರಚಾರದಲ್ಲಿದೆ. ಈ ಅಭಿಪ್ರಾಯಕ್ಕೆ ಆಧಾರವಿಲ್ಲದೆ ಇಲ್ಲ. ಸೈನ್ಯ ಹೊರಟು ನಿಂತ ಮೇಲೆ ಅದಕ್ಕೆ ಬೇಕಾದ ಹಣವನ್ನು ಕೊಡಲಾರೆವೆನ್ನುವುದು ಜನಪ್ರತಿನಿಧಿಗಳಿಗೆ ಸುಲಭವಲ್ಲ; ಹಾಗೆಂದವರು ದೇಶದ್ರೋಹದ ಅಪವಾದಕ್ಕೆ ಗುರಿಯಾಗುವ ಭಯವೂ ಇದ್ದೇ ಇರುತ್ತದೆ. ಆದರೂ ಕಳೆದ ಎರಡೂವರೆ ಶತಮಾನಗಳ ಇತಿಹಾಸವನ್ನು ಪರಿಶೀಲಿಸಿದರೆ, ಹೊರನಾಡಿನಲ್ಲಿ ಶಸ್ತ್ರಪ್ರಯೋಗ ಮಾಡಲು ಸಭೆಗಳು ಸಮ್ಮತಿ ನೀಡದ ಸಂದರ್ಭಗಳು ವಿರಳವಾಗಿಯಾದರೂ ದೊರೆಯುತ್ತವೆ. ಅಂಥ ಕೆಲವನ್ನು ಆರಿಸಿಕೊಂಡು, ನಿರಾಕರಣೆ ಯಾವಾಗ ಸಾಧ್ಯವಾಯಿತು, ಯಾವಾಗ ಫಲಿಸಿತು, ಯಾವಾಗ ವ್ಯರ್ಥವಾಯಿತು ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲನೆಯ ನಿದರ್ಶನ ಇಂಗ್ಲೆಂಡಿನದು. ಅಮೆರಿಕದ ವಸಾಹತುಗಳೊಡನೆ ೧೭೭೫ರಲ್ಲಿ ಯುದ್ಧ ಆರಂಭವಾದಾಗ ಕಾಮನ್ಸ್ ಸಭೆಯ ಬಹುಮತ ಲಾರ್ಡ್ ನಾರ್ತನ ಮಂತ್ರಿಮಂಡಲಕ್ಕೆ ಬೆಂಬಲವಾಗಿ ನಿಂತಿತ್ತು. ೧೭೮೧ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಲಾರ್ಡ್ ಕಾರ್ನ್‌ವಾಲೀಸನ ಸೈನ್ಯ ಶರಣಾಗತವಾದ ಮೇಲೆ ಈ ಬೆಂಬಲ ಕುಸಿಯಿತು. ೧೭೮೨ರ ಫೆಬ್ರವರಿ ೨೨ರಂದು ಜನರಲ್ ಕಾನ್ವೇ ತಂದ ಯುದ್ಧವಿರೋಧಿ ಗೊತ್ತುವಳಿ ಒಂದೇ ಮತದಿಂದ ಬಿದ್ದುಹೋಯಿತು. ಐದು ದಿನಗಳ ತರುವಾಯ ಅವನು ತಂದ ಇನ್ನೊಂದು ಗೊತ್ತುವಳಿಗೆ ೨೩೪ ಮತಗಳು ಪರವಾಗಿಯೂ ೨೧೫ ಮತಗಳು ವಿರುದ್ಧವಾಗಿಯೂ ಬಂದವು. ಮಾರ್ಚ್ ೨೦ರಂದು ನಾರ್ತ್ ಅಧಿಕಾರವನ್ನು ಬಿಟ್ಟನು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಸಭೆ ನಿರಾಕರಿಸಿದ್ದು ಯುದ್ಧದ ಆರಂಭವನ್ನಲ್ಲ, ಅದರ ಮುಂದುವರಿಕೆಯನ್ನು. ಅದೂ ರಣರಂಗದಲ್ಲಿ ಸೋಲು ಸಂಭವಿಸಿದ ಮೇಲೆ.

ಅದೇ ಪಾರ್ಲಿಮೆಂಟು ಭಾರತದ ವಿಷಯದಲ್ಲಿ ಇನ್ನೊಂದು ಮಾರ್ಗವನ್ನು ಹಿಡಿಯಿತು. ೧೭೮೪ರ ಪಿಟ್ಟನ ಇಂಡಿಯಾ ಶಾಸನವು, ಭಾರತದಲ್ಲಿ ದಂಡಯಾತ್ರೆಯಿಂದ ರಾಜ್ಯವನ್ನು ವಿಸ್ತರಿಸುವುದು ಬ್ರಿಟಿಷ್ ರಾಷ್ಟ್ರದ ಇಚ್ಛೆಗೂ ಗೌರವಕ್ಕೂ ನೀತಿಗೂ ವಿರುದ್ಧವೆಂದು ಸಾರಿತು. ಲಂಡನ್ನಿನ ಅಪ್ಪಣೆಯಿಲ್ಲದೆ ಗವರ್ನರ್ ಜನರಲನು ಯುದ್ಧ ಹೂಡಬಾರದೆಂದೂ ವಿಧಿಸಿತು. ಆದರೆ ಶತ್ರುವು ಕಂಪನಿಯ ಮೇಲಾಗಲಿ, ಅದರ ರಕ್ಷಣೆಯಲ್ಲಿರುವ ಅರಸರ ಮೇಲಾಗಲಿ ಕೈಮಾಡಿದರೆ ಈ ನಿಷೇಧ ಅನ್ವಯಿಸದೆಂಬ ಅಪವಾದವೂ ಅದರಲ್ಲೇ ಇತ್ತು. ೧೭೮೯ರ ಡಿಸೆಂಬರಿನಲ್ಲಿ ಟಿಪ್ಪು ಸುಲ್ತಾನನು ತಿರುವಾಂಕೂರಿನ ಗಡಿಯ ಕೋಟೆಸಾಲಿನ ಮೇಲೆ ಆಕ್ರಮಣ ಮಾಡಿದಾಗ, ಯಾರ್ಕ್‌ಟೌನಿನಲ್ಲಿ ಸೋತು ಈಗ ಭಾರತದ ಗವರ್ನರ್ ಜನರಲನಾಗಿದ್ದ ಅದೇ ಕಾರ್ನ್‌ವಾಲೀಸನಿಗೆ ಈ ಅಪವಾದವೇ ಆಧಾರವಾಯಿತು. ೧೭೯೧ರ ಮಾರ್ಚಿನಲ್ಲಿ ಕಾಮನ್ಸ್ ಸಭೆ, ವಿರೋಧಪಕ್ಷದವರ ಆಕ್ಷೇಪಣೆಗಳನ್ನು ತಳ್ಳಿಹಾಕಿ, ಅವನ ಕ್ರಮವನ್ನು ಅನುಮೋದಿಸಿತು. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಮೈಸೂರು ತನ್ನ ರಾಜ್ಯದ ಅರ್ಧಭಾಗವನ್ನು ಕಳೆದುಕೊಂಡಿತು. ಮುಂಗಡವಾಗಿ ಬರೆದಿಟ್ಟ ನಿಷೇಧವೊಂದು ತನ್ನೊಳಗಿನ ಅಪವಾದದಿಂದಲೇ ನಿಷ್ಫಲವಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕನ್ನಡನಾಡಿನ ಚರಿತ್ರೆಯಲ್ಲಿ ಸಿಗುವುದು ಕಷ್ಟ.

ಹತ್ತೊಂಬತ್ತನೆಯ ಶತಮಾನದಲ್ಲಿ ನಿರಾಕರಣೆಗೆ ಮತ್ತೊಂದು ಬಗೆಯ ಸೋಲು ಒದಗಿತು. ೧೮೫೬ರ ಅಕ್ಟೋಬರಿನಲ್ಲಿ ಕ್ಯಾಂಟನ್ನಿನ ಬಳಿ 'ಆ್ಯರೋ' ಎಂಬ ಹಡಗಿನ ನಾವಿಕರನ್ನು ಚೀನದ ಅಧಿಕಾರಿಗಳು ಸೆರೆಹಿಡಿದರೆಂಬ ಕಾರಣದಿಂದ ಬ್ರಿಟಿಷರು ಆ ನಗರದ ಮೇಲೆ ಗುಂಡಿನ ಮಳೆಗರೆದರು. ಇದನ್ನು ಖಂಡಿಸಿ ರಿಚರ್ಡ್ ಕಾಬ್ಡೆನ್ ತಂದ ಗೊತ್ತುವಳಿ ೧೮೫೭ರ ಮಾರ್ಚ್ ೩ರಂದು ೨೪೭ರ ವಿರುದ್ಧ ೨೬೩ ಮತಗಳಿಂದ ಅಂಗೀಕೃತವಾಯಿತು. ಗ್ಲಾಡ್‌ಸ್ಟನ್ ಮತ್ತು ಡಿಸ್ರೇಲಿ ಇಬ್ಬರೂ ಅಂದು ಒಂದೇ ಪಕ್ಷಕ್ಕೆ ಮತವಿತ್ತರು. ಆದರೆ ಪ್ರಧಾನಮಂತ್ರಿ ಪಾಮರ್‌ಸ್ಟನ್ನನು ರಾಜೀನಾಮೆ ಕೊಡುವ ಬದಲು ಪಾರ್ಲಿಮೆಂಟನ್ನು ವಿಸರ್ಜಿಸಿ ಮತದಾರರ ಮೊರೆಹೊಕ್ಕನು. ಚುನಾವಣೆಯಲ್ಲಿ ಅವನಿಗೇ ಜಯವಾಯಿತು. ಕಾಬ್ಡೆನ್, ಜಾನ್ ಬ್ರೈಟ್ ಇಬ್ಬರೂ ಸೋತರು. ಯುದ್ಧ ೧೮೬೦ರವರೆಗೆ ಮುಂದುವರಿಯಿತು. ನಡುವೆ ಚೀನಕ್ಕೆ ಹೊರಟಿದ್ದ ದಂಡಿನ ಒಂದು ಭಾಗ, ಭಾರತದಲ್ಲಿ ಎದ್ದ ೧೮೫೭ರ ದಂಗೆಯನ್ನಡಗಿಸಲು ಕಲ್ಕತ್ತೆಯತ್ತ ತಿರುಗಿತು. ಸಭೆಯ ನಿರಾಕರಣೆಯನ್ನು ಸಭೆಯ ಒಡೆಯರಾದ ಮತದಾರರೇ ರದ್ದುಪಡಿಸಬಲ್ಲರೆಂಬುದು ಈ ಪ್ರಸಂಗದಿಂದ ತಿಳಿದುಬರುತ್ತದೆ.

ಸೈನ್ಯ ಹೆಜ್ಜೆಯಿಡುವ ಮುನ್ನವೇ ಹಣವನ್ನು ತಡೆದ ನಿದರ್ಶನ ಫ್ರಾನ್ಸಿನಲ್ಲಿದೆ. ೧೮೮೨ರ ಜುಲೈ ೧೧ರಂದು ಬ್ರಿಟಿಷ್ ನೌಕಾಬಲ ಅಲೆಕ್ಸಾಂಡ್ರಿಯದ ಮೇಲೆ ದಾಳಿಮಾಡಿತು. ಸೂಯೆಜ್ ಕಾಲುವೆಯ ರಕ್ಷಣೆಯಲ್ಲಿ ತಾನೂ ಪಾಲ್ಗೊಳ್ಳಲು ಫ್ರೆಸಿನೆಯ ಮಂತ್ರಿಮಂಡಲ ಹಣವನ್ನು ಬೇಡಿದಾಗ, ಜುಲೈ ೨೯ರಂದು ಪ್ರತಿನಿಧಿಸಭೆ ಅಪಾರ ಬಹುಮತದಿಂದ ಅದನ್ನು ತಿರಸ್ಕರಿಸಿತು; ಮಂತ್ರಿಮಂಡಲ ಉರುಳಿತು. ಜರ್ಮನಿಯ ಭೀತಿ ಗಡಿಯಲ್ಲೇ ಇರುವಾಗ ಸೈನ್ಯವನ್ನು ದೂರದೇಶಗಳಲ್ಲಿ ಚೆದುರಿಸಬಾರದೆಂಬುದು ಕ್ಲೆಮಾನ್ಸೊ ಮೊದಲಾದವರ ವಾದವಾಗಿತ್ತು. ನಿರಾಕರಣೆ ಸಂಪೂರ್ಣವಾಗಿ ಫಲಿಸಿತು: ಫ್ರೆಂಚ್ ಸೈನ್ಯ ಹೋಗಲಿಲ್ಲ. ಆದರೆ ಈಜಿಪ್ಟಿಗೆ ಯುದ್ಧ ತಪ್ಪಲಿಲ್ಲ. ಭಾರತೀಯ ಪಡೆಗಳನ್ನೂ ಕೂಡಿಕೊಂಡು ಬ್ರಿಟನ್ನು ಒಂಟಿಯಾಗಿಯೇ ಸೆಪ್ಟೆಂಬರ್ ೧೩ರಂದು ತೆಲ್-ಎಲ್-ಕಬೀರಿನಲ್ಲಿ ಗೆದ್ದಿತು. ಅದರ ಕೊನೆಯ ತುಕಡಿಗಳು ಆ ದೇಶವನ್ನು ಬಿಟ್ಟದ್ದು ೧೯೫೬ರಲ್ಲಿ. ಒಂದು ಸಭೆಯ ನಿರಾಕರಣೆ ತನ್ನ ಸರ್ಕಾರವನ್ನು ಮಾತ್ರ ತಡೆಯಬಲ್ಲದು, ನೆರೆಯ ಸರ್ಕಾರವನ್ನಲ್ಲ.

ಹಣದ ಚೀಲದ ಮೇಲಿನ ಹಿಡಿತವೇ ಶಾಸನಸಭೆಯ ಮುಖ್ಯ ಆಯುಧವೆಂಬುದನ್ನು ಅಮೆರಿಕದ ಕಾಂಗ್ರೆಸ್ಸೂ ತೋರಿಸಿಕೊಟ್ಟಿದೆ. ವಿಯೆಟ್ನಾಮಿನ ಕಹಿ ಅನುಭವ ಇನ್ನೂ ಹಸಿಯಾಗಿದ್ದಾಗ, ಅಂಗೋಲದ ಅಂತರ್ಯುದ್ಧದಲ್ಲಿ ಗುಪ್ತವಾಗಿ ನೆರವಾಗಲು ಬೇಕಾದ ಹಣವನ್ನು ಸೆನೇಟು ೧೯೭೫ರ ಡಿಸೆಂಬರ್ ೧೯ರಂದು ೫೪–೨೨ ಮತಗಳಿಂದಲೂ, ಪ್ರತಿನಿಧಿಸಭೆ ೧೯೭೬ರ ಜನವರಿ ೨೭ರಂದು ೩೨೩–೯೯ ಮತಗಳಿಂದಲೂ ನಿಲ್ಲಿಸಿದವು. ಅಧ್ಯಕ್ಷ ಫೋರ್ಡರು ಈ ನಿರ್ಬಂಧವನ್ನು ಬಹಿರಂಗವಾಗಿ ಖಂಡಿಸಿದರೂ ಅದನ್ನೊಳಗೊಂಡ ಮಸೂದೆಗೆ ಸಹಿಹಾಕಬೇಕಾಯಿತು.

ಇಪ್ಪತ್ತೊಂದನೆಯ ಶತಮಾನದ ಎರಡು ನಿದರ್ಶನಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಚಿತ. ತುರ್ಕಿಯ ಸಂವಿಧಾನದ ೯೨ನೆಯ ವಿಧಿಯ ಪ್ರಕಾರ ಸೈನ್ಯವನ್ನು ಹೊರಕ್ಕೆ ಕಳುಹಿಸಲು ಮಾತ್ರವಲ್ಲ, ಪರರ ಸೈನ್ಯವನ್ನು ನಾಡಿನೊಳಕ್ಕೆ ಬಿಟ್ಟುಕೊಳ್ಳಲೂ ಮಹಾಸಭೆಯ ಅನುಮತಿ ಬೇಕು. ಇರಾಕಿನ ಮೇಲೆ ಉತ್ತರದಿಂದ ನುಗ್ಗಲು ಸುಮಾರು ೬೨,೦೦೦ ಅಮೆರಿಕನ್ ಸೈನಿಕರಿಗೆ ನೆಲೆ ಕೊಡುವ ಗೊತ್ತುವಳಿ ೨೦೦೩ರ ಮಾರ್ಚ್ ೧ರಂದು ಅದರ ಮುಂದೆ ಬಂದಿತು. ಪರವಾಗಿ ೨೬೪, ವಿರುದ್ಧವಾಗಿ ೨೫೦ ಮತಗಳು ಬಂದವು. ೧೯ ಮಂದಿ ತಟಸ್ಥರಾಗಿ ಉಳಿದರು. ಗೊತ್ತುವಳಿ ಗೆದ್ದಿತೆಂದೇ ಮೊದಲು ತೋರಿತು. ಆದರೆ ಹಾಜರಿದ್ದ ೫೩೩ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು, ಎಂದರೆ ೨೬೭ ಮತಗಳು ಬೇಕಾಗಿದ್ದವು. ಮೂರು ಮತಗಳ ಕೊರತೆಯಿಂದ ಅದು ಬಿದ್ದುಹೋಯಿತು. ಆಳುವ ಪಕ್ಷಕ್ಕೆ ಸಭೆಯಲ್ಲಿ ಭಾರಿ ಬಹುಮತವಿದ್ದೂ ಹೀಗಾಯಿತು. ಸಮುದ್ರದಲ್ಲಿ ಕಾಯುತ್ತಿದ್ದ ಅಮೆರಿಕನ್ ಹಡಗುಗಳು ಕುವೈತಿನ ಕಡೆಗೆ ಸಾಗಬೇಕಾಯಿತು. ಯುದ್ಧ ನಿಲ್ಲಲಿಲ್ಲವಾದರೂ ಅದರ ಮಾರ್ಗ ಬದಲಾಯಿತು. ಅದೇ ತಿಂಗಳು ೨೦ರಂದು ವಾಯುಮಾರ್ಗವನ್ನು ತೆರೆಯಲು ಅದೇ ಸಭೆ ಒಪ್ಪಿತೆಂಬುದನ್ನೂ ಮರೆಯಲಾಗದು.

ಬ್ರಿಟನ್ನಿನಲ್ಲಿ ಇಂಥ ಲಿಖಿತ ವಿಧಿಯಿಲ್ಲ. ಸೈನ್ಯವನ್ನು ನಿಯೋಜಿಸುವುದು ರಾಜನ ಹೆಸರಿನಲ್ಲಿ ಮಂತ್ರಿಗಳು ಚಲಾಯಿಸುವ ವಿಶೇಷಾಧಿಕಾರ. ಆದರೂ ಸಿರಿಯದ ಗೂಟಾದಲ್ಲಿ ವಿಷಾನಿಲ ಪ್ರಯೋಗವಾದಾಗ, ಇರಾಕ್ ಯುದ್ಧದಿಂದೀಚೆಗೆ ಬೆಳೆದ ಸಂಪ್ರದಾಯದಂತೆ ಕ್ಯಾಮರನ್ನರು ಕಾಮನ್ಸ್ ಸಭೆಯ ಅಭಿಪ್ರಾಯ ಕೇಳಿದರು. ೨೦೧೩ರ ಆಗಸ್ಟ್ ೨೯ರಂದು ಸಭೆ ೨೮೫–೨೭೨ ಮತಗಳಿಂದ ನಿರಾಕರಿಸಿತು; ಅವರು ಅದಕ್ಕೆ ತಲೆಬಾಗಿದರು. ಎರಡೇ ದಿನಗಳಲ್ಲಿ ಅಧ್ಯಕ್ಷ ಒಬಾಮಾ ಅವರೂ ಕಾಂಗ್ರೆಸ್ಸಿನ ಅನುಮತಿ ಕೇಳುವುದಾಗಿ ಘೋಷಿಸಿದರು. ಆದರೆ ೨೦೧೫ರ ಡಿಸೆಂಬರ್ ೨ರಂದು, ಬೇರೊಂದು ಶತ್ರುವಿನ ಮೇಲೆ, ಅದೇ ಸಿರಿಯದಲ್ಲಿ ವಿಮಾನದಾಳಿ ನಡೆಸಲು ಸಭೆ ೩೯೭–೨೨೩ ಮತಗಳಿಂದ ಸಮ್ಮತಿಸಿತು. ೨೦೧೮ರ ಏಪ್ರಿಲಿನಲ್ಲಂತೂ ಥೆರೇಸಾ ಮೇ ಅವರ ಸರ್ಕಾರ ಮುಂಚಿತವಾಗಿ ಸಭೆಯನ್ನು ಕೇಳದೆಯೇ ಸಿರಿಯದ ಮೇಲೆ ದಾಳಿ ನಡೆಸಿತು. ಸಂಪ್ರದಾಯಕ್ಕೂ ಶಾಸನಕ್ಕೂ ಇರುವ ಅಂತರ ಇದೇ: ತುರ್ಕಿಯಲ್ಲಿ ಸರ್ಕಾರ ಕೇಳಲೇಬೇಕಾಗಿತ್ತು, ಬ್ರಿಟನ್ನಿನಲ್ಲಿ ಕೇಳುವುದು ಸರ್ಕಾರದ ಸೌಜನ್ಯವಾಗಿತ್ತು.

ಈ ನಿದರ್ಶನಗಳಿಂದ ಕೆಲವು ಅನುಮಾನಗಳನ್ನು ಹೊರಡಿಸಬಹುದು. ಶಾಸನಸಭೆಗಳು ನಿರಾಕರಿಸುವುದುಂಟು, ಆದರೆ ಬಹುಮಟ್ಟಿಗೆ ಹಿಂದಿನ ಯುದ್ಧವೊಂದರ ಕಹಿ ಮಾಸದಿರುವಾಗ, ಇಲ್ಲವೆ ತಮ್ಮ ಗಡಿಯ ಭೀತಿ ದೊಡ್ಡದಾಗಿ ಕಂಡಾಗ. ನಿರಾಕರಣೆಯ ಬಲ ಮತಗಳ ಅಂತರದಲ್ಲಿಲ್ಲ. ಕಾಬ್ಡೆನ್ನನ ೧೬ ಮತಗಳ ಗೆಲುವು ವ್ಯರ್ಥವಾಯಿತು. ಅಂಕಾರಾದಲ್ಲಿ ಮೂರು ಮತಗಳ ಕೊರತೆ ಒಂದು ಮಹಾಸೈನ್ಯದ ದಾರಿಯನ್ನು ತಿರುಗಿಸಿತು. ಹಣ, ಲಿಖಿತ ವಿಧಿ, ಮಂತ್ರಿಮಂಡಲದ ಅಳಿವು ಉಳಿವು, ಇವುಗಳಲ್ಲಿ ಒಂದರ ಮೇಲಾದರೂ ಭದ್ರವಾದ ಹಿಡಿತವಿದ್ದಲ್ಲಿ ಮಾತ್ರ ಸಭೆಯ ಮಾತು ನಡೆಯುತ್ತದೆ.

ನಮ್ಮ ದೇಶದ ವಿದ್ಯಾರ್ಥಿಗಳಿಗೆ ಈ ವಿಚಾರ ಪರಕೀಯವಲ್ಲ. ನಮ್ಮ ಸಂವಿಧಾನದಲ್ಲಿ ಯುದ್ಧ ಮತ್ತು ಶಾಂತಿ ಕೇಂದ್ರದ ಪಟ್ಟಿಗೆ ಸೇರಿದ ವಿಷಯ. ಸೇನೆಯ ಪರಮಾಧಿಪತ್ಯ ೫೩ನೆಯ ವಿಧಿಯ ಮೇರೆಗೆ ರಾಷ್ಟ್ರಪತಿಗಳದು. ಸೇನೆಯನ್ನು ಹೊರಕ್ಕೆ ಕಳುಹಿಸುವ ಮುನ್ನ ಸಂಸತ್ತಿನ ಮತವನ್ನು ಪಡೆಯಬೇಕೆಂಬ ವಿಧಿ ಇಲ್ಲ. ೧೯೮೭ರಲ್ಲಿ ಶ್ರೀಲಂಕೆಗೆ ಶಾಂತಿಪಾಲನಾ ಪಡೆ ಹೋದದ್ದು ಎರಡು ಸರ್ಕಾರಗಳ ಒಪ್ಪಂದದ ಆಧಾರದಿಂದ. ೨೦೦೩ರ ಜುಲೈನಲ್ಲಿ ವಿಶ್ವಸಂಸ್ಥೆಯ ಆದೇಶವಿಲ್ಲದೆ ಇರಾಕಿಗೆ ಸೇನೆಯನ್ನು ಕಳುಹಿಸಲಾಗದೆಂದು ತೀರ್ಮಾನಿಸಿದ್ದೂ ಸಚಿವಸಂಪುಟದ ಭದ್ರತಾ ಸಮಿತಿಯೇ. ಒಮ್ಮೆ ಸೇನೆ ಹೋಯಿತು, ಇನ್ನೊಮ್ಮೆ ಹೋಗಲಿಲ್ಲ. ಎರಡು ಸಲವೂ ನಿರ್ಣಯ ಮಂತ್ರಿಗಳದಾಗಿತ್ತು. ಆದುದರಿಂದ ಯಾವುದೇ ದೇಶದ ಯುದ್ಧಚರಿತ್ರೆಯನ್ನು ಅಭ್ಯಸಿಸುವವರು, ಅಲ್ಲಿಯ ಸಭೆ ನಿರಾಕರಿಸಿತೆ ಎಂದು ಕೇಳುವುದಕ್ಕೆ ಮೊದಲು, ಅದನ್ನು ಕೇಳಲೇಬೇಕಾದ ಬಾಧ್ಯತೆ ಸರ್ಕಾರಕ್ಕಿತ್ತೆ ಎಂದು ವಿಚಾರಿಸುವುದು ಅವಶ್ಯಕ.