ಕಡತ: ಚಿತ್ರದುರ್ಗ ಸೀಮೆಯ ದಿನಬಳಕೆಯ ಲೆಕ್ಕಸಾಧನ

ಹತ್ತಿ ಬಟ್ಟೆಯ ಎರಡೂ ಮಗ್ಗುಲಿಗೆ ಹುಣಸೆ ಬೀಜದ ಸರಿ ಹಾಗೂ ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆಗಳಾಗಿ ಮಡಚಿ, ಬಳಪದಿಂದ ಬರೆಯಲು ಬಳಸುತ್ತಿದ್ದ ಕಪ್ಪು ಪುಸ್ತಕಕ್ಕೆ ಕಡತ ಎಂದು ಹೆಸರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯೂ ಸೇರಿದಂತೆ ಹಳೆಯ ಮೈಸೂರಿನಲ್ಲಿ ಶಾನುಭೋಗರು, ವರ್ತಕರು ಮತ್ತು ಮಠಗಳ ಲೆಕ್ಕಿಗರು ದಿನದ ಜಮಾಖರ್ಚು, ಬಾಕಿ ವಸೂಲಿ, ಸಾಲದ ಕರಾರು ಮುಂತಾದ ವ್ಯವಹಾರಗಳನ್ನು ಇದರಲ್ಲಿ ಬರೆದಿಡುತ್ತಿದ್ದರು. ಇಂದು ಈ ಪದ ಸರ್ಕಾರಿ ಕಚೇರಿಗಳ ಕಾಗದಪತ್ರಗಳ ಕಟ್ಟನ್ನು ಸೂಚಿಸುತ್ತದೆ. ವಸ್ತು ಬಳಕೆಯಿಂದ ಮರೆಯಾದರೂ ಹೆಸರು ಮಾತ್ರ ಆಡಳಿತ ಭಾಷೆಯಲ್ಲಿ ಗಟ್ಟಿಯಾಗಿ ಉಳಿದಿದೆ.

ಪದ

ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿಯ ಉಲ್ಲೇಖವಿದ್ದು, ದಾಖಲೆಗಳ ಮೇಲ್ವಿಚಾರಣೆ ಅವನ ಹೊಣೆಯಾಗಿತ್ತೆಂದು ತಿಳಿಯಲಾಗಿದೆ. ಕಡತ ಪದದ ಹಳೆಯ ರೂಪವಾದ ಅಲ್ಲಿನ ‘ಕಡಿತ’ ಬಟ್ಟೆಯ ಪುಸ್ತಕವನ್ನೇ ಹೇಳುತ್ತದೆಯೋ ಅಥವಾ ಯಾವುದೇ ಬಗೆಯ ಲೆಕ್ಕದ ದಾಖಲೆಯನ್ನು ಹೇಳುತ್ತದೆಯೋ ಎಂಬುದನ್ನು ಪದವೊಂದರ ಬಲದಿಂದಲೇ ತೀರ್ಮಾನಿಸುವುದು ಸರಿಯಾಗದು.

ತಯಾರಿಕೆ

ಕಡತಕ್ಕೆ ಬೇಕಾದ ಸಾಮಗ್ರಿಯಲ್ಲಿ ದೂರದಿಂದ ತರಿಸಬೇಕಾದದ್ದು ಬಹುಮಟ್ಟಿಗೆ ಏನೂ ಇರಲಿಲ್ಲ. ಎರೆಭೂಮಿಯಲ್ಲಿ ಹತ್ತಿ ಬೆಳೆಯುತ್ತಿತ್ತು, ಹೊಲದ ಬದುಗಳಲ್ಲೂ ಊರ ಮುಂದೆಯೂ ಹುಣಸೆ ಮರಗಳಿದ್ದವು, ಒಲೆಯಲ್ಲಿ ಇದ್ದಿಲು ಸಿಗುತ್ತಿತ್ತು. ಹುಣಸೆ ಬೀಜವನ್ನು ಹುರಿದು, ಕೆಂಪು ಸಿಪ್ಪೆ ಬಿಡಿಸಿ, ಒಳಗಿನ ಬಿಳಿಯ ಬೇಳೆಯನ್ನು ನೆನೆಹಾಕಿ ರುಬ್ಬಿ ಕುದಿಸಿದಾಗ ಬರುವ ಅಂಟುಗಂಜಿಗೆ ಸರಿ ಎನ್ನುತ್ತಾರೆ. ಇದು ಒಣಗಿದಾಗ ನೂಲಿನ ಮೇಲೆ ತೆಳ್ಳಗೆ ಬಿಗಿಯಾದ ಪೊರೆಯಾಗಿ ಕೂರುತ್ತದೆ. ಚಳ್ಳಕೆರೆ ಕಡೆಯ ಕಂಬಳಿ ನೇಕಾರರು ಉಣ್ಣೆಯ ಹಾಸುನೂಲನ್ನು ಗಟ್ಟಿಗೊಳಿಸಲು ಬಳಸುತ್ತ ಬಂದಿರುವುದೂ ಇದೇ ಸರಿಯನ್ನು. ನೇಕಾರನಿಗೆ ನೂಲು ಹರಿಯದಿರಲು ಬೇಕಾದ ಗುಣವೇ ಲೆಕ್ಕಿಗನಿಗೆ ಬಟ್ಟೆ ಜೋಲದೆ, ಮಡಿಕೆಯಲ್ಲಿ ಸೀಳದೆ ಇರಲು ಒದಗಿತು. ನುಣ್ಣಗೆ ಅರೆದ ಇದ್ದಿಲನ್ನು ಈ ಸರಿಯಲ್ಲಿ ಕಲಸಿ ಬಟ್ಟೆಯ ಎರಡೂ ಮಗ್ಗುಲಿಗೆ ಬಳಿದು ಚೆನ್ನಾಗಿ ಒಣಗಿಸಿದರೆ ಕಲ್ಲುಹಲಗೆಯಂಥ ಕಪ್ಪು ಮೈ ಸಿದ್ಧವಾಗುತ್ತಿತ್ತು.

ಕಡತದ ಅಳತೆಗಳು ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಇತಿಹಾಸದ ಮೊದಲ ಸಂಪುಟದಲ್ಲಿ ದೊರೆಯುತ್ತವೆ. ಅವನ ಪ್ರಕಾರ ಬಟ್ಟೆ 8ರಿಂದ 12 ಅಂಗುಲ ಅಗಲ, 12ರಿಂದ 18 ಅಡಿ ಉದ್ದವಿರುತ್ತಿತ್ತು. ಅದನ್ನು ಎಲ್ಲಿಯೂ ಕತ್ತರಿಸದೆ ಸಮಾನ ಮಡಿಕೆಗಳಾಗಿ ಮಡಚಿ, ಎರಡು ತುದಿಗಳಿಗೆ ಬಣ್ಣ ಬಳಿದ ಮರದ ಹಲಗೆಗಳನ್ನು ಕೂಡಿಸುತ್ತಿದ್ದರು. ಅನುಕೂಲಸ್ಥರ ಕಡತಕ್ಕೆ ರೇಷ್ಮೆಯ ಚೀಲವಿದ್ದರೆ ಬಡವರ ಕಡತಕ್ಕೆ ಬರಿಯ ದಾರದ ಕಟ್ಟು ಇರುತ್ತಿತ್ತು. ಬರೆಯುವ ಕಡ್ಡಿಯನ್ನು ಬಳಪದ ಕಲ್ಲಿನಿಂದ ಮಾಡುತ್ತಿದ್ದರು. ಹೊಯ್ಸಳ ಶಿಲ್ಪಿಗಳು ಹಳೇಬೀಡಿನಲ್ಲಿ ಕೆತ್ತಿದ ಮೆದುಕಲ್ಲೂ ಬಳಪದ ಕಲ್ಲೆಂದೇ ಹೆಸರಾದದ್ದು.

ಬರವಣಿಗೆಯ ಪದ್ಧತಿ

ಓಲೆಗರಿಯ ಮೇಲೆ ಕಂಠವೆಂಬ ಲೋಹದ ಮೊನೆಗಡ್ಡಿಯಿಂದ ಕೊರೆದ ಅಕ್ಷರವನ್ನು ಅಳಿಸಲಾಗದು; ಆದ್ದರಿಂದ ಅದು ಮುಗಿದ ಕೃತಿಗೆ ಒಗ್ಗುತ್ತದೆಯೇ ಹೊರತು ನಡೆಯುತ್ತಿರುವ ಲೆಕ್ಕಕ್ಕೆ ಒಗ್ಗುವುದಿಲ್ಲ. ಕಡತದಲ್ಲಿ ಬಾಕಿ ತೀರಿದ ಸಾಲನ್ನು ಒದ್ದೆ ಬಟ್ಟೆಯಿಂದ ಒರೆಸಿ ಅದೇ ಜಾಗದಲ್ಲಿ ಹೊಸ ಬಾಕಿಯನ್ನು ಬರೆಯಬಹುದಿತ್ತು. ಹಾಳೆಗಳನ್ನು ಒಂದೊಂದಾಗಿ ತಿರುವಬೇಕಾಗಿರಲಿಲ್ಲ, ನಾಲ್ಕಾರು ಮಡಿಕೆಗಳನ್ನು ಒಮ್ಮೆಗೇ ಬಿಡಿಸಿ ಹಾಸಿದರೆ ಹಿಂದಿನ ಬಾಕಿಯೂ ಈಗಿನ ಜಮೆಯೂ ಅಕ್ಕಪಕ್ಕದಲ್ಲೇ ಕಣ್ಣಿಗೆ ಬೀಳುತ್ತಿದ್ದವು. ಕೆಲಸ ಬೇಗ ಸಾಗಲೆಂದು ಬಳಸುತ್ತಿದ್ದ ಮೋಡಿ, ಅಂದರೆ ಕೈಯೆತ್ತದೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಯುವ ಬರಹ, ಬಳಪದ ನಯವಾದ ಓಟಕ್ಕೆ ಹೊಂದುತ್ತಿತ್ತು. ಪದಗಳ ನಡುವೆ ತೆರಪಿಲ್ಲದ ಈ ಬರಹವೇ ಈಗ ಕಡತಗಳನ್ನು ಓದುವವರಿಗೆ ಎದುರಾಗುವ ದೊಡ್ಡ ತೊಡಕು.

ಅಳಿಸಬಹುದಾದ ಬರಹವನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಆ ಕಾಲದಲ್ಲೂ ಎದ್ದಿತ್ತು. ಸರ್ಕಾರಿ ಲೆಕ್ಕಗಳಿಗೆ ಕಡತ ಬಳಸಕೂಡದೆಂದು ಟಿಪ್ಪು ಸುಲ್ತಾನ್ ನಿಷೇಧಿಸಿದ್ದನು. ವಿಲ್ಕ್ಸ್ ಇದಕ್ಕೆ ಇನ್ನೊಂದು ಮುಖವನ್ನೂ ತೋರಿಸುತ್ತಾನೆ: ವರ್ತಕನ ಕಡತದಲ್ಲಿ ಸಾಕ್ಷಿಗಳ ಸಮೇತ ಬರೆದ ಸಾಲಪತ್ರವೊಂದನ್ನು ವ್ಯಾಜ್ಯದಲ್ಲಿ ಪುರಾವೆಯಾಗಿ ಒಪ್ಪಿದ್ದನ್ನು ಅವನು ಕಂಡಿದ್ದನು, ಅಲ್ಲದೆ ಶಿಲೆ ಮತ್ತು ತಾಮ್ರವನ್ನು ಬಿಟ್ಟರೆ ಕಡತದಷ್ಟು ಬಾಳುವ ಬರಹಸಾಧನ ಭಾರತದಲ್ಲಿ ಬೇರೆ ಇಲ್ಲವೆಂದು ಬರೆದನು. ಈ ಮಾತಿಗೆ ಆಧಾರವಿದೆ. ಇದ್ದಿಲು ಬಿಸಿಲಿಗೆ ಮಾಸುವುದಿಲ್ಲ. ಬಳಪ ಕಲ್ಲಿನ ಪುಡಿಯಾದ್ದರಿಂದ ಬಣ್ಣ ಕೆಡುವುದಿಲ್ಲ, ಕೆಲವು ಮಸಿಗಳಂತೆ ತಾನಿರುವ ಹಾಳೆಯನ್ನು ತಿನ್ನುವುದೂ ಇಲ್ಲ. ಬರಹಕ್ಕೆ ಬೆಲೆ ತಂದುಕೊಟ್ಟದ್ದು ಸಾಧನದ ಗಟ್ಟಿತನ ಒಂದೇ ಅಲ್ಲ, ನಾಲ್ಕು ಜನರ ಎದುರಿಗೆ ಬಿಚ್ಚಿ ಓದುವ ಪದ್ಧತಿಯೂ ಹೌದು ಎಂದು ಭಾವಿಸಬಹುದು.

ದುರ್ಗದ ಇತಿಹಾಸಕ್ಕೆ ಆಕರ

1779ರಲ್ಲಿ ಹೈದರಾಲಿಯ ವಶವಾಗುವವರೆಗೆ ನಾಯಕ ಅರಸರ ಆಳ್ವಿಕೆಯಲ್ಲಿದ್ದ ಚಿತ್ರದುರ್ಗದ ಚರಿತ್ರೆಯನ್ನು ಕಟ್ಟುವಲ್ಲಿ ಶಾಸನಗಳ ಜೊತೆಗೆ ಕಡತ, ಬಖೈರು (ಚರಿತ್ರೆಯ ಕಥನ), ಕೈಫಿಯತ್ತುಗಳಿಗೂ ಮುಖ್ಯ ಸ್ಥಾನವಿದೆ. ಕೈಫಿಯತ್ತೆಂದರೆ ಬ್ರಿಟಿಷ್ ಭೂಮಾಪಕ ಕಾಲಿನ್ ಮೆಕೆಂಜಿಯ ಸಹಾಯಕರು ಗ್ರಾಮಲೆಕ್ಕಿಗರಿಂದಲೂ ಹಿರಿಯರಿಂದಲೂ ಬರೆಸಿಕೊಂಡ ಸ್ಥಳವೃತ್ತಾಂತ. ಇಂಥ ಆಕರಗಳನ್ನು ಕೂಡಿಹಾಕಿ ಶೋಧಿಸುವ ಕೆಲಸದಲ್ಲಿ ಹುಲ್ಲೂರು ಶ್ರೀನಿವಾಸ ಜೋಯಿಸರ ಶ್ರಮ ದೊಡ್ಡದು.

ಅನಂತರದ ಸಾಧನಗಳು

ಕಾಗದ ಅಗ್ಗವಾದಂತೆ ಖಿರ್ದಿ, ಖಾತೆ, ಉದ್ರಿ ಪುಸ್ತಕಗಳು ಕಡತದ ಜಾಗಕ್ಕೆ ಬಂದವು. ವಂಶಪಾರಂಪರ್ಯದ ಶಾನುಭೋಗಿಕೆಯು ಗ್ರಾಮಾಧಿಕಾರಗಳ ರದ್ದತಿ ಕಾಯಿದೆಯಿಂದ 1963ರಲ್ಲಿ ಕೊನೆಗೊಂಡಿತು. ಜಮೀನಿನ ದಾಖಲೆಯಾದ ಕೈಬರಹದ ಪಹಣಿಯ ಸ್ಥಾನಕ್ಕೆ ‘ಭೂಮಿ’ ಯೋಜನೆಯ ಗಣಕೀಕೃತ ಪಹಣಿ ಬಂದಿತು. ಈಗ ಹೊಸದುರ್ಗದ ತೆಂಗಿನ ತೋಟದವರೂ ಹೊಳಲ್ಕೆರೆಯ ಅಡಿಕೆ ಬೆಳೆಗಾರರೂ ಲೆಕ್ಕಕ್ಕೆ ಮೊಬೈಲ್ ಫೋನನ್ನು ಬಳಸುತ್ತಾರೆ. ಕೂಲಿಯ ಲೆಕ್ಕ, ಮಂಡಿಯ ಧಾರಣೆ, ಟ್ಯಾಂಕರಿನ ಬಾಕಿ ಮುಂತಾದವು ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶಗಳಲ್ಲಿ ಓಡಾಡುತ್ತವೆ. ಬರೆದು ಅಳಿಸುವ ಅನುಕೂಲದಲ್ಲಿ ಫೋನು ಕಡತದ ವಾರಸುದಾರನೇ ಸರಿ, ಆದರೆ ಫೋನು ಹಾಳಾದಾಗ ಲೆಕ್ಕವೂ ಅದರೊಂದಿಗೆ ಹೋಗುವ ಸಂಭವವಿರುವುದರಿಂದ ಬಾಳಿಕೆಯಲ್ಲಿ ಕಡತದ ಸಮಕ್ಕೆ ಬರುವುದಿಲ್ಲ.

ಸಂರಕ್ಷಣೆ

ಹಳೆಯ ಶಾನುಭೋಗರ ಮನೆಗಳ ಅಟ್ಟ, ಪೆಟ್ಟಿಗೆಗಳಲ್ಲಿ ಕಡತಗಳು ಇನ್ನೂ ಇರುವ ಸಾಧ್ಯತೆಯಿದೆ. ಧೂಳು ಹಿಡಿದ ಕಪ್ಪು ಬಟ್ಟೆಯ ಮಡಿಕೆ ಕಂಡಾಗ ಅದನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು, ತೊಳೆಯಲಂತೂ ಕೂಡದು. ಬಳಪದ ಬರಹ ಒಂದೇ ಒರೆತಕ್ಕೆ ಅಳಿಸಿಹೋಗುತ್ತದೆ. ಬಲವಂತವಾಗಿ ಬಿಡಿಸದೆ, ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಟ್ಟು, ಮೋಡಿ ಓದಬಲ್ಲವರಿಗೋ ವಸ್ತುಸಂಗ್ರಹಾಲಯಕ್ಕೋ ತೋರಿಸಬೇಕು.